ಇಲ್ಲ ಅಂತ ಬರೀರಿ

ಏಜೆಂಟ್ ಬಾಬ್ಜಿಯ ಹೆಬ್ಬೆರಳು ಮತ್ತೆ ನಾಲಿಗೆಗೆ ಹೋಯಿತು, ಒದ್ದೆಯಾಗಿ ಬಂತು, ನುಣುಪು ಕಾಗದದ ಮೂಲೆ ಹಿಡಿದು ತಿರುವಿತು, ಅದರಲ್ಲಿ ನಗುತ್ತಿದ್ದ ಅಜ್ಜ ಅಜ್ಜಿಯ ಮುಖಕ್ಕೆ ಆಗಷ್ಟೇ ತಿಂದ ಪೆಸರಟ್ಟು ದೋಸೆಯ ಎಣ್ಣೆ ಅಂಟಿತು — ಒರೆಸಿಕೊಳ್ಳಬಾರದೇ, ಪಕ್ಕದಲ್ಲೇ ಕರವಸ್ತ್ರ ಬಿದ್ದಿದೆ — ತನುಶ್ರೀ ಕಣ್ಣು ತಿರುಗಿಸಿ ಕಿಟಕಿಯಾಚೆ ನೋಡಿದಳು, ಕೃಷ್ಣಾ ನದಿಯ ಕಡೆಯ ಗಾಳಿಯೂ ಇವತ್ತು ಬಿಸಿ, ಮದುವೆಯಾಗಿ ನಾಲ್ಕು ವರ್ಷದಲ್ಲಿ ಭವಾನಿಪುರಂನ ಈ ಅತ್ತೆಮನೆಗೆ ಎಷ್ಟು ಭಾನುವಾರ ಬಂದಿಲ್ಲ, ಒಮ್ಮೆಯೂ ಅವಳನ್ನು ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ ಯಾರೂ ಏನೂ ಕೇಳಿದ್ದಿಲ್ಲ. ಇವತ್ತು ಕೇಳುತ್ತಿದ್ದಾರೆ. ನಮ್ಮ ಸೊಸೆ ವಿಶಾಖಪಟ್ಟಣದಲ್ಲಿ ಇನ್ಶೂರೆನ್ಸ್ ಡಾಕ್ಟರಂಡಿ, ಅವಳು ಯಾವ ಪಾಲಿಸಿ ಅಂದರೆ ನಮಗೂ ಅದೇ, ಎಂದು ಮಾವ ಕಾಮೇಶ್ವರ ಈ ಏಜೆಂಟನಿಗೆ ಹೇಳಿದ್ದು ಹೆಮ್ಮೆಯಿಂದಲೇ. ಇನ್ಶೂರೆನ್ಸ್ ಡಾಕ್ಟರು. ದಾವಣಗೆರೆಯಲ್ಲಿ ಐದೂವರೆ ವರ್ಷ ಆಯುರ್ವೇದ ಓದಿ, ಈಗ ಐದನೇ ಮಹಡಿಯ ತಣ್ಣನೆಯ ಎಸಿ ಕೋಣೆಯಲ್ಲಿ ಕೂತು, ಮುಖವನ್ನೇ ಕಾಣದ ರೋಗಿಗಳ ಆಸ್ಪತ್ರೆ ಕಾಗದ ಓದುವುದು, ಅವರಿಗೆ ಹಣ ಕೊಡಬೇಕೋ ಬೇಡವೋ ಬರೆಯುವುದು, ಬೇಡ ಎಂದು ಬರೆದಷ್ಟೂ ಒಳ್ಳೆಯ ಹೆಸರು — ಥೂ, ಆ ಎಣ್ಣೆ ಬೆರಳು ಈಗ ಅರ್ಜಿಯ ಮೇಲೇ ಇದೆ. ಫ್ಯಾಮಿಲಿ ಫ್ಲೋಟರ್ ತಗೊಳ್ಳಿ ಸಾರ್, ಎನ್ನುತ್ತಿದ್ದಾನೆ ಬಾಬ್ಜಿ, ತೆಲುಗಿನಲ್ಲಿ, ಪಾನಕದಂಥ ದನಿಯಲ್ಲಿ, ಒಂದೇ ಪಾಲಿಸಿ, ಹತ್ತು ಲಕ್ಷ, ನೀವಿಬ್ಬರು, ಮಗ, ಸೊಸೆ, ಯಾರಿಗೆ ಬೇಕೋ ಅವರು ಬಳಸಿಕೊಳ್ಳಿ. ಒಂದೇ ಪಾತ್ರೆ, ನಾಲ್ಕು ಜನ, ಮೊದಲು ಆಸ್ಪತ್ರೆಯಲ್ಲಿ ಮಲಗಿದವರು ಅಷ್ಟನ್ನೂ ಬಳಿದುಕೊಂಡರೆ ಆ ವರ್ಷ ಮಿಕ್ಕ ಮೂವರಿಗೆ ಬರೀ ತಳ, ಇದನ್ನು ಅವನು ಹೇಳುವುದಿಲ್ಲ. ಅವಳೇ ಹೇಳಿದ್ದಳು, ಬೆಳಿಗ್ಗೆಯಿಂದ ಎರಡು ಸಲ: ಅತ್ತೆ ಮಾವನಿಗೆ ಅವರವರದೇ ಬೇರೆ ಪಾಲಿಸಿ ಇರಲಿ, ನಮಗಿಬ್ಬರಿಗೆ ಬೇಕಾದರೆ ಫ್ಲೋಟರ್ ಸಾಕು, ಹಿರಿಯರಿಗೆಂದೇ ಮಾರುವ ಪಾಲಿಸಿ ಬೇಡ, ಅದರಲ್ಲಿ ಪ್ರತಿ ಬಿಲ್ಲಿನ ಒಂದು ಪಾಲು ನಾವೇ ಕಟ್ಟಬೇಕು, ಓದಿ ನೋಡಿ. ಗಂಡ ಸಾಯಿಕಿರಣ್ ಮೊಬೈಲಿನಲ್ಲಿ ಲೆಕ್ಕ ಒತ್ತಿ, ತುಟಿ ಉಬ್ಬಿಸಿ, ಅಬ್ಬ ಅಷ್ಟಾಗತ್ತಾ ತನೂ, ಫ್ಲೋಟರ್ ಸಾಕಲ್ವಾ, ಸರಿಪೋತುಂದಿ ಕದಾ, ಎಂದಿದ್ದ, ತಾಯಿಯ ಹೃದಯಕ್ಕೂ ತನ್ನ ಹೃದಯಕ್ಕೂ ಒಟ್ಟಿಗೆ ಕೊಂಡರೆ ಅಗ್ಗ ಎನ್ನುವ ಹಾಗೆ.

ಈಗ ಅರ್ಜಿಯ ಎರಡನೇ ಪುಟ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ವರ್ಷದಿಂದ, ಯಾವ ಔಷಧಿ. ಅತ್ತೆಯ ಹೆಸರಿನ ಮುಂದೆ ಮಾವನ ಪೆನ್ನು ನಿಂತಿತು. ಇಲ್ಲ ಅಂತ ಬರೀರಿ ಸಾರ್, ಎಂದ ಬಾಬ್ಜಿ, ಕೆಮ್ಮಿದಷ್ಟು ಸಲೀಸಾಗಿ, ಅಮ್ಮಗಾರಿಗೆ ಇದೆ ಅಂತ ಬರೆದರೆ ಮೂರು ವರ್ಷ ಅದಕ್ಕೆ ಏನೂ ಕೊಡಲ್ಲ, ಪ್ರೀಮಿಯಂ ಏರಿಸುತ್ತಾರೆ, ಈ ವಯಸ್ಸಲ್ಲಿ ಬಿಪಿ ಯಾರಿಗಿಲ್ಲ ಹೇಳಿ. ಇಲ್ಲ ಅಂತ ಬರೀರಿ — ಇದನ್ನೇ ಯಾವನೋ ಒಬ್ಬ ಮಂಗಳಗಿರಿಯ ಆ ಮನೆಯಲ್ಲೂ ಹೇಳಿರಬೇಕು, ಮಗ್ಗದ ಪಕ್ಕ ಕೂತು, ಅವರ ಕಾಫಿ ಕುಡಿದು. ದುರ್ಗಾಪ್ರಸಾದ್, ಐವತ್ತೆರಡು, ಸೀರೆ ನೇಯುವವನು, ಪಾರ್ಶ್ವವಾಯು, ಬಲಗೈ ಹೋಗಿದೆ, ಪಾಲಿಸಿಗೆ ಎರಡು ವರ್ಷ. ಗುರುವಾರ ಅವನ ಕಡತ ಅವಳ ಮೇಜಿಗೆ ಬಂದಿತ್ತು, ಮೂರನೇ ಹಾಳೆಯಲ್ಲಿ ಡ್ಯೂಟಿ ಡಾಕ್ಟರ ಕಾಗೆ ಕಾಲಿನ ಅಕ್ಷರ, ಐದು ವರ್ಷದಿಂದ ಬಿಪಿ, ಅಷ್ಟೇ, ಅರ್ಧ ಸಾಲು, ಅರ್ಜಿಯಲ್ಲಿ ಇಲ್ಲ ಎಂದಿದ್ದದ್ದು, ಹಣ ಕೊಡದಿರಲು ಅಷ್ಟು ಸಾಕು, ಅವಳು ಅದನ್ನು ಹುಡುಕಿದಳು, ಹುಡುಕಿ ಸಿಕ್ಕಾಗ — ಇದು ಯಾರಿಗೂ ಗೊತ್ತಾಗಬಾರದು — ಸಿಕ್ಕಾಗ ಖುಷಿಯಾಗಿತ್ತು. ಗುಡ್ ಕ್ಯಾಚ್, ಎಂದ ಮೇಲಧಿಕಾರಿ ರಾಮಮೋಹನ್, ಚೆಂಡು ಹಿಡಿದವಳಿಗೆ ಹೇಳುವ ಹಾಗೆ. ಮರುದಿನ ಆ ನೇಕಾರನ ಹೆಂಡತಿ ದುರ್ಗಾಭವಾನಿಯ ಫೋನು ಹೇಗೋ ತಪ್ಪಿ ಅವಳಿಗೇ ಬಂತು. ಡಾಕ್ಟರಮ್ಮಾ, ಫಾರ್ಮು ನಾವು ಬರೆದಿದ್ದಲ್ಲ, ಏಜೆಂಟು ಬರೆದ, ನಾವು ತೋರಿಸಿದ ಕಡೆ ಸೈನು ಹಾಕಿದ್ವಿ, ತಲೆನೋವು ಬಂದ ದಿನ ಮಾತ್ರ ಮಾತ್ರೆ ನುಂಗ್ತಿದ್ರು, ಅದೂ ರೋಗ ಅಂತ ನಮಗೆ ಗೊತ್ತಿಲ್ಲ. ತನುಶ್ರೀ ಏನು ಹೇಳಿದಳು — ನಿಯಮದ ಪ್ರಕಾರ ಸಾಧ್ಯವಿಲ್ಲ, ವಿಷಾದಿಸುತ್ತೇವೆ. ವಿಷಾದಿಸುತ್ತೇವೆ, ಬಹುವಚನ. ಆಮೇಲೆ ಡಬ್ಬಿ ಬಿಚ್ಚಿ ಮೊಸರನ್ನ ತಿಂದಳು, ಉಪ್ಪಿನಕಾಯಿ ಬೇರೆ ನೆಕ್ಕಿದಳು.

ನೀನೇ ತುಂಬಮ್ಮಾ, ನಿನಗೆ ಇದೆಲ್ಲ ಗೊತ್ತು, ಎಂದು ಮಾವ ಪೆನ್ನನ್ನು ಅವಳ ಕಡೆ ಚಾಚಿದರು, ಅವರಿಗೂ ನಾಚಿಕೆಯಾಗುತ್ತಿತ್ತು, ಅದಕ್ಕೇ ಸೊಸೆಯ ಕೈಯಿಂದ ಬರೆಸುವುದು. ಬಾಬ್ಜಿ ನಕ್ಕ, ಹಲ್ಲಿನ ಸಂದಿಯಲ್ಲಿ ಹಸಿರು ಹಿಟ್ಟು, ಮೇಡಂ ಒಳಗಿನವರೇ ಇದ್ದಾರೆ ಸಾರ್, ನಾಳೆ ಏನಾದರೂ ಆದರೂ ಅವರು ನೋಡಿಕೊಳ್ಳಲ್ವಾ. ನೋಡಿಕೊಳ್ಳುವುದು. ಅವನಿಗೂ ಅವಳಿಗೂ ಏನು ವ್ಯತ್ಯಾಸ, ಅವನು ಸುಳ್ಳು ಬರೆಸುತ್ತಾನೆ, ಅವಳು ಅದನ್ನು ಹಿಡಿಯುತ್ತಾಳೆ, ಒಂದೇ ತಟ್ಟೆಗೆ ಇಳಿದ ಎರಡು ಕೈಗಳು. ನಾಳೆ ಇದು ನನ್ನ ಟೇಬಲ್ಲಿಗೆ ಬಂದರೆ ನಾನೇ ರಿಜೆಕ್ಟ್ ಮಾಡ್ತೀನಿ, ಎಂದಳು, ದನಿ ಏರಲಿಲ್ಲ, ಮೊನ್ನೆ ಒಬ್ಬರದು ಮಾಡಿದೀನಿ, ಹೀಗೇ ಬರೆಸಿದ್ದರು. ಸಾಯಿಕಿರಣ್, ತನೂ, ಎಂದ, ಅತಿಥಿಯ ಮುಂದೆ ಏನಿದು ಎನ್ನುವ ದನಿ. ಅವಳು ಹೌದು ಎಂಬ ಚೌಕದಲ್ಲಿ ಗೀಟು ಹಾಕಿದಳು, ಆರು ವರ್ಷದಿಂದ ಎಂದು ಬರೆದಳು, ಕಾಯೋಣ ಮೂರು ವರ್ಷ, ಅತ್ತೆಗೆ ಅವರದೇ ಪಾಲಿಸಿ, ಪ್ರೀಮಿಯಂ ನನ್ನ ಸಂಬಳದಲ್ಲಿ, ಎಂದಳು. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಉಜ್ಜುತ್ತ ಕೂತರು, ಯಾರ ಕಡೆಗೂ ನೋಡಲಿಲ್ಲ. ಔಷಧಿಯ ಹೆಸರು ಬೇಕಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು.

ಅತ್ತೆ ಕಮಲಾಕ್ಷಿ ಒಲೆಯ ಪಕ್ಕ ಗೋಡೆ ಹಿಡಿದು ನಿಂತಿದ್ದಾರೆ, ಹೊಸಪೇಟೆಯಿಂದ ಈ ಊರಿಗೆ ಬಂದು ಮೂವತ್ತೈದು ವರ್ಷವಾದರೂ ಸೊಸೆಯ ಹತ್ತಿರ ಮಾತ್ರ ಆ ಊರಿನ ಮಾತು, ಮುಖ ಊದಿದೆ, ಹಣೆಯಲ್ಲಿ ಬೆವರು. ನಿಮ್ಮ ಮಾತ್ರೆ ಚೀಟಿ ಕೊಡಿ ಅತ್ತೆ, ಹೆಸರು ಬರೀಬೇಕು. ಚೀಟಿ ಇಲ್ಲಮ್ಮಾ, ಸುಟ್ಟೆ, ಆ ಬಾಬ್ಜಿ ಫೋನಿನಾಗ ಹೇಳಿದ್ದ, ಮನೇಲಿ ಏನೂ ಕಾಣಬಾರದು ಅಂತ, ರಕ್ತ ಟೆಸ್ಟೂ ಮಾಡಬಹುದು ಅಂದ, ಮಾತ್ರೆ ತಗಂಡ್ರೆ ರಕ್ತದಾಗ ಸಿಕ್ಕಿಬೀಳ್ತೈತಿ ಕದಾ, ಅದಕ್ಕ ಒಂಬತ್ತು ದಿನದಿಂದ ತಗಂಡಿಲ್ಲ, ನಿನ್ನ ಆಫೀಸಿನಾಗ ನಿನಗ ಕೆಟ್ಟ ಹೆಸರು ಬರಬಾರದು. ಒಂಬತ್ತು ದಿನ. ಬಿಪಿಗೂ ಇಲ್ಲ, ಸಕ್ಕರೆಗೂ ಇಲ್ಲ, ಒಂಬತ್ತು ದಿನ ಈ ಬಿಸಿಲಿನಲ್ಲಿ. ಎಲ್ಲಿವೆ ಮಾತ್ರೆ. ಅತ್ತೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದರು — ತಲೆ ತಗ್ಗಿಸಿ, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ — ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಸಾಸಿವೆಯೊಳಗೆ ಹುಗಿದಿದ್ದರು, ಮೂವತ್ತೋ ನಲವತ್ತೋ, ಬಿಪಿಯವೂ ಸಕ್ಕರೆಯವೂ, ಎಲ್ಲ ಬಿಳಿ, ಎಲ್ಲ ದುಂಡಗೆ, ಹೆಸರಿಲ್ಲ. ಹೊರಗೆ ಬಾಬ್ಜಿ ಕೇಳುತ್ತಿದ್ದಾನೆ, ಮೇಡಂ, ಹೆಸರು ಸಿಕ್ಕಿತಾ. ಯಾರಾದರೂ ಆಟೋ ಕರೆಯಬೇಕು, ಆಸ್ಪತ್ರೆಗೆ, ಸಾಯಿಕಿರಣ್, ಆಟೋ ಕರಿ, ಕೂಗಿದಳೋ ಇಲ್ಲವೋ, ಅತ್ತೆಯ ಭುಜ ಹಿಡಿದು ಕೆಳಗೆ ಕೂರಿಸಿದಳು, ಯಾವುದು ಈಗ ಕೊಡುವುದು, ಇದೋ, ಇದೋ, ಬೆರಳು ಹಾಕಿ ಕೆದಕುತ್ತಾಳೆ, ಕಪ್ಪು ಸಾಸಿವೆಯಲ್ಲಿ ಬಿಳಿ ಮಾತ್ರೆ, ಮತ್ತೆ ಸಾಸಿವೆ, ಮತ್ತೆ ಬಿಳಿ ಮಾತ್ರೆ, ಸಾಸಿವೆಯಲ್ಲಿ ಬಿಳಿ —