ದೇಶಕ್ಕಿಂತ ದಶಮಾಂಶ ಒಂದರಷ್ಟು ವಾಸಿ

ನಮ್ಮ ನಗರ ಇನ್ನಷ್ಟು ದಿನ ಹೀಗೇ ಕೆಟ್ಟಿರಲಿ ಎಂದು ಹಾರೈಸುತ್ತಿದ್ದವರು ಇಡೀ ಊರಿಗೆ ನಾವು ಆರು ಜನ ಮಾತ್ರ ಇದ್ದಿರಬೇಕು. ಬೇರೆಯವರು ಹಾಗೆ ಹಾರೈಸಿದ್ದರೆ ಹೊಟ್ಟೆಕಿಚ್ಚು ಎನ್ನಬಹುದಿತ್ತು. ನಮ್ಮದು ಬರೀ ಹೊಟ್ಟೆಪಾಡು.

ಬಸ್ ಡಿಪೋದ ಹಿಂದೆ, ಒಂದು ಕಾಲದಲ್ಲಿ ಟೈರು ಪೇರಿಸಿಡುತ್ತಿದ್ದ ಕಟ್ಟಡದಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. ಬಿಸಿಲೇರಿದರೆ ಗೋಡೆಗಳಿಂದ ಇನ್ನೂ ರಬ್ಬರಿನ ವಾಸನೆ ಬರುತ್ತಿತ್ತು. ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದಾಗ, ಕೆಲಸ ಕಳೆದುಕೊಂಡವರಿಗೆ ಬೇರೆ ಕಸುಬು ಕಲಿಸಲು ಸರ್ಕಾರ ತೆರೆದದ್ದು ಅದು. ಕೆಳಗಿನ ಕೋಣೆಯಲ್ಲಿ ನಾನು ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ರಿಪೇರಿ ಕಲಿಸುತ್ತಿದ್ದೆ. ಅನುದಾನಕ್ಕೆ ಒಂದೇ ಷರತ್ತು: ನಗರದ ನಿರುದ್ಯೋಗದ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚಿರುವ ತನಕ ಕೇಂದ್ರ ನಡೆಯುತ್ತದೆ, ಕಡಿಮೆಯಾದ ದಿನ ಬೀಗ. ಅಂದರೆ ನಾವು ಕಲಿಸಿದ್ದು ಫಲಿಸಿ ಎಲ್ಲರಿಗೂ ಕೆಲಸ ಸಿಕ್ಕಿದರೆ ನಮ್ಮ ಕೆಲಸ ಹೋಗುತ್ತದೆ. ಈ ಷರತ್ತು ಬರೆದ ಪುಣ್ಯಾತ್ಮನನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು ಮಾತಾಡಬೇಕೆಂಬ ಆಸೆ ನನಗಿನ್ನೂ ಇದೆ.

ಕೇಂದ್ರದ ಮುಖ್ಯಸ್ಥರು ಮೊದಲು ಗಣಿತದ ಮೇಷ್ಟರಾಗಿದ್ದವರು. ವಿದ್ಯಾರ್ಥಿಗಳು ಅವರಿಗೆ ಇಟ್ಟಿದ್ದ ಹೆಸರು ದಶಮಾಂಶ. ಮೂರು ತಿಂಗಳಿಗೊಮ್ಮೆ ಅಂಕಿಅಂಶಗಳ ವರದಿ ಬರುವ ದಿನ ಅವರು ಬೆಳಗಿನಿಂದ ಚಹಾ ಕೂಡ ಮುಟ್ಟುತ್ತಿರಲಿಲ್ಲ. ವರದಿ ಬಂದಮೇಲೆ ಮೆಟ್ಟಿಲ ಮೇಲೆ ನಿಂತು ಓದುತ್ತಿದ್ದರು: "ನಗರ ಎಂಟು ಪಾಯಿಂಟ್ ಮೂರು. ದೇಶ ಏಳು ಪಾಯಿಂಟ್ ಒಂಬತ್ತು. ಎಲ್ಲರೂ ಉಸಿರಾಡಿ." ನಾವು ಉಸಿರಾಡುತ್ತಿದ್ದೆವು. ಊರಲ್ಲಿ ಕೆಲಸವಿಲ್ಲದವರ ಸಂಖ್ಯೆ ಕೇಳಿ ನಾವು ಚಹಾ ತರಿಸಿಕೊಳ್ಳುವುದನ್ನು ಹೊರಗಿನವರು ಯಾರಾದರೂ ನೋಡಿದ್ದರೆ ಉಗಿಯುತ್ತಿದ್ದರು.

ಮುಂದಿನ ವರದಿಯಲ್ಲಿ ನಗರ ಎಂಟಕ್ಕೆ ಇಳಿಯಿತು. ದೇಶ ಮಾತ್ರ ಏಳು ಪಾಯಿಂಟ್ ಒಂಬತ್ತರಲ್ಲೇ ಇತ್ತು. ದಶಮಾಂಶ ನನ್ನ ಕೋಣೆಗೆ ಬಂದು, ಬಿಚ್ಚಿಟ್ಟಿದ್ದ ಕಂಪ್ರೆಸರ್ ಒಂದನ್ನು ಸುಮ್ಮನೆ ಸವರುತ್ತ ನಿಂತರು.

"ಮೇಡಂ, ಸೋಮವಾರದಿಂದ ಸಮೀಕ್ಷೆಯ ವಾರ. ಆ ವಾರ ದುಡ್ಡಿಗೆ ಒಂದು ಗಂಟೆ ಕೆಲಸ ಮಾಡಿದ್ರೂ ಅವರ ಲೆಕ್ಕದಲ್ಲಿ ಉದ್ಯೋಗಿ. ಅದು ಮುಗಿಯೋವರೆಗೆ ನಮ್ಮವರನ್ನ ಯಾರನ್ನೂ ಕೆಲಸಕ್ಕೆ ಕಳಿಸೋದು ಬೇಡ."

"ಲಕ್ಷಗಟ್ಟಲೆ ಜನ ಇರೋ ಊರು ಸರ್. ನನ್ನ ಒಬ್ಬ ವಿದ್ಯಾರ್ಥಿಗೆ ಕೆಲಸ ಸಿಕ್ಕಿದ್ರೆ ಸರಾಸರಿ ಬಿದ್ದುಹೋಗುತ್ತಾ?"

"ಲಕ್ಷಗಟ್ಟಲೆ ಜನರನ್ನ ಅವರೆಲ್ಲಿ ಕೇಳ್ತಾರೆ? ಅಲ್ಲೊಂದು ಇಲ್ಲೊಂದು ಮನೆ ಆರಿಸ್ತಾರೆ. ಅಂಥ ಒಂದು ಮನೆ ನೂರಾರು ಮನೆಗೆ ಸಮ. ಆ ಮನೇಲಿ ನಮ್ಮೋರೇ ಇದ್ರೆ?"

ಲೆಕ್ಕ ಸರಿಯಾಗೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಅವರ ಮೇಲಷ್ಟೇ ಅಲ್ಲ, ಕೇಳಿ ಸುಮ್ಮನೆ ತಲೆಯಾಡಿಸಿದ ನನ್ನ ಮೇಲೂ ಬಂತು. ನನ್ನ ಗಂಡ ದೂರದ ದಾರಿಯಲ್ಲಿ ಲಾರಿ ಓಡಿಸುವವನು. ಲೋಡು ಸಿಕ್ಕಿದ ತಿಂಗಳು ಸಂಬಳ, ಸಿಗದ ತಿಂಗಳು ಬರೀ ಮಾತು. ಮನೆ ನಿಂತಿದ್ದು ನನ್ನ ಸಂಬಳದ ಮೇಲೆ. ಅದಕ್ಕಿಂತ ಹೆಚ್ಚಾಗಿ, ನನಗೆ ಆ ಕೋಣೆ ಬೇಕಾಗಿತ್ತು. ಮೂಲೆಯಲ್ಲಿ ಸಾಲಾಗಿ ನಿಂತ ಕೆಟ್ಟ ಮೆಷಿನ್‌ಗಳು, ಅವುಗಳ ಸುತ್ತ ಕುಕ್ಕರಗಾಲಲ್ಲಿ ಕೂತ ನಡುವಯಸ್ಸಿನ ಹೆಂಗಸರು, ಗಂಡಸರು, ಮೊದಲ ಸಲ ಮೋಟಾರು ತಿರುಗಿದಾಗ ಅವರು ಹಾಕುವ ಕೂಗು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಶುಕ್ರವಾರ ರಿಪೇರಿ ಕಂಪನಿಯೊಂದರಿಂದ ಫೋನ್ ಬಂತು. ಒಬ್ಬರು ಬೇಕು, ಸೋಮವಾರವೇ ಬರಬೇಕು, ತಡವಾದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದರು. ಯಾರನ್ನು ಕಳಿಸಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನಮ್ಮಲ್ಲಿ ಬಿಸ್ಕತ್ತಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬರಿದ್ದರು. ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವರು. ತಿರುಗುವ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಬೇರಿಂಗ್ ಹೋಗಿದೆಯೋ ಬೆಲ್ಟ್ ಸಡಿಲವೋ ಹೇಳಿಬಿಡುತ್ತಿದ್ದರು. ಇದ್ದದ್ದು ತಮ್ಮನ ಮನೆಯಲ್ಲಿ. "ಎರಡು ವರ್ಷದಿಂದ ಎಲ್ಲರ ಮುಖ ನೋಡ್ಕೊಂಡು ಊಟಕ್ಕೆ ಕೂರ್ತೀನಿ ಮೇಡಂ" ಎಂದಿದ್ದರು ಒಮ್ಮೆ, ನಗುತ್ತಲೇ.

ಮಧ್ಯಾಹ್ನದವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಆಮೇಲೆ ಆಗಲಿಲ್ಲ. ಅಕ್ಕ ಮೆಷಿನ್ ಒಂದರ ಕೆಳಗೆ ಕೈ ತೂರಿಸಿ ಡ್ರೈನ್ ಪಂಪ್ ಬಿಚ್ಚುತ್ತಿದ್ದರು.

"ಅಕ್ಕಾ, ಸೋಮವಾರದಿಂದ ನೀವು ಇಲ್ಲಿಗೆ ಬರಬೇಡಿ."

ಅವರು ಕೈ ಹೊರಗೆಳೆದರು. "ನಾನೇನು ತಪ್ಪು ಮಾಡ್ದೆ ಮೇಡಂ?"

"ಚೆನ್ನಾಗಿ ಕಲಿತುಬಿಟ್ರಿ, ಅದೇ ತಪ್ಪು. ಕೆಲಸ ಸಿಕ್ಕಿದೆ, ಹೋಗಿ."

ಅವರು ಅಲ್ಲೇ ನೆಲಕ್ಕೆ ಕೂತು ಅತ್ತರು. ಗ್ರೀಸ್ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಡಿ ಎಂದು ಗದರಿಸಿದೆ. ಗದರಿಸದಿದ್ದರೆ ನಾನೂ ಅಳುತ್ತಿದ್ದೆ. ಆಮೇಲೆ ಮೇಲೆ ಹೋಗಿ ದಶಮಾಂಶರಿಗೆ ನಾನೇ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಒಂದು ಕೈ ನೋಡುತ್ತಿದ್ದೆ.

ಮುಂದಿನ ವರದಿಯ ದಿನ ಅವರು ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ನೇರ ನನ್ನ ಕೋಣೆಗೆ ಬಂದು ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. 'ದೇಶವನ್ನೇ ಹಿಂದಿಕ್ಕಿದ ನಮ್ಮ ನಗರ' ಎಂದು ಮುಖಪುಟದಲ್ಲಿತ್ತು. ಬಿಸ್ಕತ್ತಕ್ಕನ ಮುಖವೇ ಕಣ್ಣ ಮುಂದೆ ಬಂತು. ಕೇಂದ್ರವನ್ನು ನಾನೇ ಮುಚ್ಚಿಸಿದೆ ಅಂದುಕೊಂಡೆ.

"ಕೆಳಗೆ ಓದಿ" ಅಂದರು ಅವರು.

ನಗರ ಎಂಟು. ದೇಶ ಎಂಟು ಪಾಯಿಂಟ್ ಒಂದು.

"ಹೋದ ಸಲವೂ ನಗರ ಎಂಟೇ ಇತ್ತಲ್ಲ ಸರ್?"

"ಎಂಟೇ. ನಾವು ಒಂದು ಕೂದಲಷ್ಟೂ ಅಲುಗಿಲ್ಲ ಮೇಡಂ. ದೇಶ ಕೆಟ್ಟಿತು." ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ಇಷ್ಟು ವರ್ಷ ಗಣಿತ ಕಲಿಸಿದೆ. ಹೋಲಿಕೆ ಅಂದ್ರೆ ಎರಡು ಅಂಕಿ ಇರುತ್ತೆ ಅನ್ನೋದೇ ಮರೆತೆ. ನಮ್ಮೂರ ಅಂಕಿಯನ್ನೇ ಕಾಯ್ಕೊಂಡು ಕೂತೆ. ಯಾರಿಗೋ ಸಿಗೋ ಕೆಲಸ ತಪ್ಪಿಸೋಕೆ ನೋಡಿದ್ನಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನಾವು ನಿಂತಲ್ಲೇ ನಿಂತಿದ್ದೆವು. ಬೇರೆ ಊರುಗಳಲ್ಲಿ ನಮ್ಮಂಥವರೇ ಎಷ್ಟೋ ಜನ ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಅವರು ಮನೆ ಸೇರಿದ್ದಕ್ಕೆ ಪತ್ರಿಕೆಯವರು ನಮ್ಮ ಬೆನ್ನು ತಟ್ಟುತ್ತಿದ್ದರು, ಸರ್ಕಾರ ನಮ್ಮ ಬಾಗಿಲು ಹಾಕುತ್ತಿತ್ತು. ಅದೇ ಪತ್ರಿಕೆಯನ್ನು ಹರಿದು ಗ್ರೀಸ್ ಒರೆಸಿದೆ. ತಿಂಗಳ ಕೊನೆಗೆ ಕೋಣೆಗೆ ಬೀಗ ಬಿತ್ತು, ಮೆಷಿನ್‌ಗಳು ಒಳಗೇ ಉಳಿದವು.

ಗಂಡ ಲಾರಿ ಹತ್ತಿ ಹೋದರೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಬಾಯಿ ಜೋರಾದರೂ ಅತ್ತೆ ನನ್ನ ಸಂಬಳದ ಮಾತೆತ್ತಲಿಲ್ಲ. ತಮ್ಮ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದುದು ಕಣ್ಣಿಗೆ ಬಿದ್ದಾಗ ನಾನೇ ಜಗಳವಾಡಿದೆ. ಆಗಾಗ ದಶಮಾಂಶರ ಫೋನು ಬರುತ್ತಿತ್ತು. "ಒಂದು ವರ್ಷದೊಳಗೆ ನಗರ ಮತ್ತೆ ದೇಶಕ್ಕಿಂತ ಮೇಲೆ ಹೋದ್ರೆ ಬೀಗ ತೆಗೀತಾರಂತೆ ಮೇಡಂ. ದಶಮಾಂಶ ಎರಡು ಏರಿದ್ರೆ ಸಾಕು." ಅವರ ದನಿಯಲ್ಲಿ ಆಸೆಯೂ ಇತ್ತು, ಆ ಆಸೆಗೆ ನಾಚಿಕೆಯೂ ಇತ್ತು. ಅತ್ತೆ ಪಕ್ಕದಲ್ಲಿ ಕಿವಿಗೊಟ್ಟು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಬಿಸ್ಕತ್ತಕ್ಕ ಫೋನ್ ಮಾಡಿದರು. ಒಂದು ಮನೆಯ ಫ್ರಿಜ್ ತಣ್ಣಗಾಗುತ್ತದೆ, ನಿಲ್ಲುತ್ತದೆ, ಮತ್ತೆ ತಾನೇ ತಣ್ಣಗಾಗುತ್ತದೆ, ಮೂರು ಸಲ ಹೋಗಿ ಬಂದೆ, ಮಾನ ಹೋಗ್ತಿದೆ ಅಂದರು. ಹೋದೆ. ಪೈಪಿನೊಳಗೆ ತೇವ ಸೇರಿಕೊಂಡಿತ್ತು. ಕೂದಲಿನಂಥ ಸಣ್ಣ ತುದಿಯಲ್ಲಿ ಅದು ಹೆಪ್ಪುಗಟ್ಟಿ ಗ್ಯಾಸಿನ ದಾರಿ ಮುಚ್ಚುತ್ತಿತ್ತು, ಕರಗಿದಾಗ ಬಿಡುತ್ತಿತ್ತು. ಇಬ್ಬರೂ ಸೇರಿ ಹಳೇ ಗ್ಯಾಸ್ ತೆಗೆದು, ಪಂಪ್ ಹಾಕಿ ಒಳಗಿನದೆಲ್ಲ ಎಳೆದು, ಫಿಲ್ಟರ್ ಬದಲಿಸಿ, ಹೊಸದು ತುಂಬಿದೆವು. ಒಳಗೋಡೆಯ ಮೇಲೆ ಮಂಜು ಸಮನಾಗಿ ಕಟ್ಟತೊಡಗಿದಾಗ ಅಕ್ಕ ಕೂಗು ಹಾಕಿದರು. ನಾನೂ ಹಾಕಿದೆ. ಬೇಡವೆಂದರೂ ಅಕ್ಕ ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ನನ್ನ ಚೀಲಕ್ಕೆ ತುರುಕಿದರು.

ಮುಂದಿನ ವಾರವೇ ಬಾಗಿಲು ತಟ್ಟಿದ ಸದ್ದಾಯಿತು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗಿ. "ಉದ್ಯೋಗದ ಸಮೀಕ್ಷೆ. ನಿಮ್ಮ ಮನೆ ಆಯ್ಕೆ ಆಗಿದೆ."

ಅತ್ತೆ ನನ್ನ ಮುಖ ನೋಡಿದರು. ದಶಮಾಂಶರು ಫೋನಿನಲ್ಲಿ ಹೇಳುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು: ಒಂದು ಮನೆ ನೂರಾರು ಮನೆಗೆ ಸಮ. ಹುಡುಗಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಅವಳು ಕೇಳುವ ಮೊದಲೇ ಅಂದರು: "ನನ್ನ ಸೊಸೆಗೆ ಕೆಲಸ ಇಲ್ಲ. ಹೋಗಿ ತಿಂಗಳುಗಟ್ಟಲೆ ಆಯ್ತು. ಇಲ್ಲ ಅಂತ ಬರ್ಕೊ."

"ಅವರೇ ಇದ್ದಾರಲ್ಲ ಅಜ್ಜಿ, ಅವರನ್ನೇ ಕೇಳ್ತೀನಿ. ಮೇಡಂ, ಹೋದ ವಾರ ದುಡ್ಡಿಗಾಗಿ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ?"

ಇಲ್ಲ ಎಂದುಬಿಟ್ಟರೆ ಯಾರೂ ಬಂದು ಪರೀಕ್ಷಿಸುತ್ತಿರಲಿಲ್ಲ. ಕೋಣೆ, ಮೆಷಿನ್‌ಗಳು, ಸಂಬಳ, ಅತ್ತೆಯ ಪೂರ್ತಿ ಮಾತ್ರೆ, ಎಲ್ಲ ಆ ಒಂದು ಮಾತಿನ ಆಚೆಗೆ ಇದ್ದಂತಿತ್ತು. ಬಾಯಿ ತೆರೆದೆ. ಮಂಜು ಕಟ್ಟಿದ್ದು ನೆನಪಾಯಿತು. ಆ ಕೆಲಸ ನಾನು ಮಾಡಿಯೇ ಇಲ್ಲ ಎನ್ನಬೇಕಿತ್ತು. ಅದೊಂದು ನನ್ನಿಂದ ಆಗಲಿಲ್ಲ.

"ಮಾಡಿದೆ. ಒಂದು ಫ್ರಿಜ್ ರಿಪೇರಿ. ಅರ್ಧ ದಿನ ಹಿಡೀತು."

ಅತ್ತೆ ಲೋಟವನ್ನು ಸದ್ದಾಗುವಂತೆ ಕೆಳಗಿಟ್ಟರು. ಹುಡುಗಿ ಕೈಯಲ್ಲಿದ್ದ ಯಂತ್ರದ ಮೇಲೆ ಬೆರಳೊತ್ತಿದಳು. ನಾನು ಉದ್ಯೋಗಿಯಾದೆ.

"ಕೊನೆ ಪ್ರಶ್ನೆ. ಇನ್ನೂ ಹೆಚ್ಚು ಕೆಲಸ ಸಿಕ್ಕಿದ್ರೆ ಮಾಡೋಕೆ ತಯಾರಿದ್ದೀರಾ?"

ಇಷ್ಟು ದಿನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬೀಗ ಹಾಕಿದ ದಿನವೂ ಬಾರದ ಅಳು ಬಂದುಬಿಟ್ಟಿತು. "ಇದ್ದೀನಿ" ಅಂದೆ. ಅಳುವಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ "ಇದ್ದೀನಮ್ಮ, ಇದ್ದೀನಿ" ಅಂದೆ.

"ಒಂದು ಸಲ ಹೇಳಿದ್ರೆ ಸಾಕು ಮೇಡಂ" ಎಂದಳು ಹುಡುಗಿ, ಮೆಲ್ಲಗೆ.

"ಅದೂ ಸರಾಸರಿಗೆ ಸೇರುತ್ತಾ?" ಎಂದು ಕೇಳಿದೆ.

"ಇಲ್ಲ. ಅದನ್ನ ಬೇರೆ ಬರ್ಕೋತೀವಿ. ದೇಶದ ಜೊತೆ ಹೋಲಿಸೋದು ಮೊದಲನೇದು ಮಾತ್ರ."

ಅತ್ತೆ ನನ್ನ ಕಡೆ ನೋಡಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು ಇನ್ನೊಂದು ಕುರ್ಚಿಯನ್ನು ಹುಡುಗಿಯ ಹತ್ತಿರಕ್ಕೆ ಎಳೆದು ಕೂತರು.

"ಸೇರದಿದ್ರೆ ಹೋಗ್ಲಿ. ನೀನು ಬರ್ಕೊ. ಮೂರು ಸಲ ಹೇಳಿದ್ಲು, ಮೂರು ಸಲವೂ ಬರ್ಕೊ."