ಮಾವಶಿಯ ಲೋಟ

ಬಿಬವೇವಾಡಿಯ ಕಾಡಪ್ಪನವರ ಮನೆಯಲ್ಲಿ ಬೆಳಗಿನ ಚಹಾ ಎರಡು ಸಲ ಆಗುತ್ತಿತ್ತು. ಮೊದಲನೆಯದು ಮನೆಮಂದಿಗೆ; ಎರಡನೆಯದು, ಅದೇ ಚಹಾಪುಡಿಗೆ ಇನ್ನಷ್ಟು ನೀರು ಹೊಯ್ದು, ಪಾತ್ರೆ ತಿಕ್ಕುವ ಅಂಬಾಬಾಯಿಗೆ. ಕಾಡಪ್ಪನವರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಸಗಟು ಅಂಗಡಿಯಿತ್ತು. ಆ ಮನೆಯಲ್ಲಿ ಸಿಹಿಗೇನೂ ಬರವಿರಲಿಲ್ಲ. ಪುಣೆಯ ರೂಢಿಯಂತೆ ಎಲ್ಲರೂ ಆಕೆಯನ್ನು ‘ಮಾವಶಿ’ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ತಾಯಿಯ ತಂಗಿ. ಈ ತಾಯಿಯ ತಂಗಿಯ ಲೋಟ ಮಾತ್ರ ಒಳಗಿನ ಸ್ಟ್ಯಾಂಡಿನಲ್ಲಿ ಇರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಬಾಲ್ಕನಿಯಲ್ಲಿ, ಪೊರಕೆ ಫಿನಾಯಿಲುಗಳ ಪಕ್ಕದಲ್ಲಿ ಬೋರಲು ಬಿದ್ದಿರುತ್ತಿತ್ತು. ಆಕೆ ಕೆಲಸಕ್ಕೆ ಬಂದ ಮೊದಲ ದಿನವೇ ಅಜ್ಜಿ ಸಾವಂತ್ರವ್ವನವರು ಕುಲ ಕೇರಿ ವಿಚಾರಿಸಿ ಅದಕ್ಕೆ ಆ ಜಾಗ ಗೊತ್ತುಮಾಡಿದ್ದರು. ಓದುವವರೇ, ನಗಬೇಡಿ. ನಿಮ್ಮ ಮನೆಯ ಬಾಲ್ಕನಿಯನ್ನೂ ಒಮ್ಮೆ ನೋಡಿ ಬಂದು ಮುಂದೆ ಓದಿ.

ಕಾಡಪ್ಪನವರ ಮಗ ಮಿಥುನನಿಗೆ ಹದಿನೆಂಟು ವರ್ಷ. ಅಂಗಡಿಯ ಗಾದಿಯ ಮೇಲೆ ಕೂರುವ ಆಸೆ ಅವನಿಗೆ ಎಂದೂ ಇರಲಿಲ್ಲ. ಭಾನುವಾರ ಬಂತೆಂದರೆ ಖಡಕವಾಸಲಾದವರೆಗೆ ಸೈಕಲ್ ತುಳಿದು, ಸೈನಿಕ ಅಕಾಡೆಮಿಯ ಹೊರಗಿನ ರಸ್ತೆಯಲ್ಲಿ ಸುಮ್ಮನೆ ನಿಂತು ಬರುತ್ತಿದ್ದ. ಅಲ್ಲಿಗೆ ಸೇರುವ ಪರೀಕ್ಷೆಗೆ ಕೂತಿದ್ದ. “ಅಧಿಕಾರಿ ಅಂದ್ರ ತನ್ನ ಜವಾನರ ಮೊದಲ ಸೇವಕ. ಅವರು ಉಂಡ ಮ್ಯಾಲ ಉಣ್ಣಾಂವ” ಎಂದು, ತರಬೇತಿ ಕೊಡುತ್ತಿದ್ದ ನಿವೃತ್ತ ಸುಬೇದಾರರ ಮಾತನ್ನು ತಂಗಿ ನೀತಾಳ ಮುಂದೆ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದ.

“ಹಂಗಾರ ಮೊದಲ ನಿನ್ನ ತಾಟು ನೀ ಎತ್ತು, ಸಾಹೇಬಾ” ಎಂದು ಅವಳು ಕಾಡುತ್ತಿದ್ದಳು.

ಏಪ್ರಿಲಿನ ಒಂದು ಮಧ್ಯಾಹ್ನ ಅಂಬಾಬಾಯಿ ತೊಳೆದ ಪಾತ್ರೆಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದವಳು ಹಾಗೇ ಅಡುಗೆಮನೆಯ ನೆಲಕ್ಕೆ ಕುಸಿದಳು. ಮನೆಯಲ್ಲಿ ಮಿಥುನ ಒಬ್ಬನೇ ಇದ್ದ. “ನೀರು” ಎಂದಳು. ಅವನು ಬಾಲ್ಕನಿಗೆ ಓಡಿದ. ಲೋಟ ಅಲ್ಲಿರಲಿಲ್ಲ. ಬಕೆಟ್ಟು ಸರಿಸಿದ, ವಾಷಿಂಗ್ ಮಶೀನಿನ ಕೆಳಗೆ ಬಗ್ಗಿ ನೋಡಿದ. ಬೆವರು ಸುರಿಯುತ್ತಿತ್ತು. ಒಳಗಿನಿಂದ ಆಕೆ ಉಸಿರು ಒಟ್ಟುಮಾಡಿಕೊಂಡು, “ತುಳಸಿ ಗಿಡದ ಹಿಂದ ಅದ, ತಮ್ಮಾ” ಎಂದಳು. ಲೋಟ ಸಿಕ್ಕಿತು. ಅದನ್ನು ತೊಳೆದು ನೀರು ತುಂಬಿ ತರುವಷ್ಟರಲ್ಲಿ ಆಕೆಯ ಹಲ್ಲು ಕಚ್ಚಿಕೊಂಡಿದ್ದವು. ನೀರು ಕೆನ್ನೆಯ ಮೇಲೆ ಹರಿದುಹೋಯಿತು. ಅವನೇ ಹೊತ್ತು ಇಳಿಸಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದ. ಮೂರು ದಿನ ಸಲೈನ್ ಏರಿತು, ಜೀವ ಉಳಿಯಿತು. ವಸತಿ ಸೊಸೈಟಿಯವರೆಲ್ಲ ಮಿಥುನನ ಬೆನ್ನು ತಟ್ಟಿದರು.

ಲಿಖಿತ ಪರೀಕ್ಷೆ ಪಾಸಾಗಿ, ಆಗಸ್ಟಿನಲ್ಲಿ ಭೋಪಾಳದಲ್ಲಿ ಸಂದರ್ಶನ ಆಯಿತು. ಯಾರಿಗಾದರೂ ಸೇವೆ ಮಾಡಿದ ಒಂದು ಪ್ರಸಂಗ ಹೇಳು ಎಂದು ಅಧಿಕಾರಿ ಕೇಳಿದಾಗ ಮಿಥುನನಿಗೆ ಒಳಗೊಳಗೇ ಖುಷಿಯಾಯಿತು. ಅಂಬಾಬಾಯಿಯ ಕಥೆಯನ್ನು ಚೆನ್ನಾಗಿಯೇ ಹೇಳಿದ.

“ನೀರು ಕೊಡಲು ಎಷ್ಟು ಹೊತ್ತಾಯಿತು?”

“ನಾಲ್ಕೈದು ನಿಮಿಷ ಸರ್. ಅವರ ಲೋಟ ಸಿಗಲಿಲ್ಲ.”

“ಅವರ ಲೋಟ ಎಂದರೆ?”

“ಅವರಿಗೆ ಅಂತಲೇ ಒಂದು ಬೇರೆ ಇಟ್ಟಿದ್ದೇವೆ ಸರ್.” ಇದನ್ನು ಅವನು ತುಸು ಹೆಮ್ಮೆಯಿಂದಲೇ ಹೇಳಿದ. ಸುಳ್ಳು ಏಕೆ ಹೇಳಲಿ?

“ಅಡುಗೆಮನೆಯಲ್ಲಿ ಬೇರೆ ಲೋಟ ಇರಲಿಲ್ಲವೇ?”

“ಇದ್ದವು ಸರ್. ಹತ್ತು ಹನ್ನೆರಡು. ಆಗಷ್ಟೇ ಅವರೇ ತೊಳೆದು...”

ಅಧಿಕಾರಿ ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. “ಆಕೆಯನ್ನು ಏನೆಂದು ಕರೆಯುತ್ತೀರಿ?” ಎಂದು ಕೇಳಿದರು. ಮಾವಶಿ ಎಂದ. ಅದರ ಅರ್ಥವನ್ನು ಕೇಳಿದರು. ಅದನ್ನೂ ಹೇಳಬೇಕಾಯಿತು. ಹೇಳುವಾಗ ಅವನ ಕಿವಿ ಕಾದುಹೋಗಿದ್ದವು. ಕೂತ ಕುರ್ಚಿಯೇ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅಲ್ಲೇ ಪ್ರಕಟಿಸಿದ ಆಯ್ಕೆಯಾದವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆ ಮಾತಿನಿಂದಲೇ ಹೀಗಾಯಿತೋ ಬೇರೆ ಕಾರಣವೋ, ಯಾರೂ ಹೇಳುವುದಿಲ್ಲ. ಮರಳುವ ರೈಲಿನಲ್ಲಿ ಅವನನ್ನು ಕೊರೆದದ್ದು ಪಟ್ಟಿಯೂ ಅಲ್ಲ. ಸಾಯುವ ಜೀವವೊಂದು ನೀರು ಕೇಳುತ್ತಿದ್ದಾಗ ತನ್ನ ಕಾಲು ತಾನಾಗಿಯೇ ಬಾಲ್ಕನಿಗೆ ಓಡಿತಲ್ಲ, ಆ ಕಾಲಿನ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಮನೆಗೆ ಬಂದು ಚೀಲ ಇಳಿಸುವುದರೊಳಗೆ ಸಾವಂತ್ರವ್ವನವರು ಕಾರಣ ಹುಡುಕಿ ಇಟ್ಟಿದ್ದರು. “ಯಾರದರ ಕಣ್ಣು ಬಿದ್ದದ. ಐತವಾರ ಜೇಜುರಿ ದೇವರ ಗುಡಿಗೆ ಹೋಗಿ ಭಂಡಾರ ಹಚ್ಚಿಸಿಕೊಂಡು ಬರೂಣು.”

“ಕಣ್ಣಲ್ಲ ಅಜ್ಜಿ. ಮಾವಶಿ ಲೋಟಾ ಬ್ಯಾರೆ ಯಾಕ ಅಂತ ಕೇಳಿದ್ರು” ಎಂದು ಮಿಥುನ ನಡೆದದ್ದನ್ನೆಲ್ಲ ಹೇಳಿದ.

ಅಂಗಡಿಗೆ ಹೊರಟಿದ್ದ ಕಾಡಪ್ಪನವರು ಬಾಗಿಲಲ್ಲೇ ನಿಂತರು. “ಮನೀ ಮಾತು ಹೊರಗ ಯಾಕ ಹೇಳಿದಿ? ಒಂದು ಸುಳ್ಳರ ಹೇಳಬಾರದಾ?”

“ತಪ್ಪು ಅಂತ ಗೊತ್ತಿದ್ರ ಸುಳ್ಳು ಹೇಳ್ತಿದ್ದೆ ಅಪ್ಪಾ. ಗೊತ್ತ ಇರಲಿಲ್ಲಲ್ಲ.”

“ಏನ್ ತಪ್ಪು ಮಾಡೇವಿ?” ಸಾವಂತ್ರವ್ವನವರ ದನಿ ಏರಿತು. “ದವಾಖಾನಿ ಖರ್ಚು ನಾವ ಕೊಟ್ಟೇವಿ. ದೀಪಾವಳಿಗೆ ಸೀರಿ ಕೊಡ್ತೀವಿ. ಬೈದಿಲ್ಲ, ಬಡದಿಲ್ಲ. ಲೋಟಾ ಒಂದ ಬ್ಯಾರೆ, ಅಷ್ಟ. ನಮ್ಮತ್ತಿ ಕಾಲದಿಂದ ನಡದು ಬಂದದ್ದು.”

“ನಿಮ್ಮತ್ತಿ ಕಾಲದಾಗ ತಿಂಗಳಿಗೆ ಮೂರು ದಿನ ನಿನ್ನೂ ಹೊರಗ ಕೂಡಸ್ತಿದ್ರು. ನಿನ್ನ ಲೋಟಾನೂ ಬ್ಯಾರೆ ಇತ್ತು. ನೀನ ಹೇಳೀದಿ. ಆವಾಗ ಹೆಂಗ ಅನಸ್ತಿತ್ತು ಅಜ್ಜಿ?”

ಮುದುಕಿ ಸೆರಗು ಸರಿಮಾಡಿಕೊಂಡರು. “ಅದು ಬ್ಯಾರೆ, ಇದು ಬ್ಯಾರೆ.”

“ಆಕಿ ತಿಕ್ಕಿದ ಲೋಟಾದಾಗ ನೀ ಕುಡೀತಿ. ನೀ ಕುಡದದ್ದನ್ನ ಆಕಿ ತಿಕ್ತಾಳ. ನಡುವ ಮೈಲಿಗಿ ಎಲ್ಲಿಂದ ಬಂತು?”

“ಆಕಿ ಈ ಮನೀ ಲೋಟಾದಾಗ ಕುಡದ್ರ, ನಾ ಈ ಮನ್ಯಾಗ ನೀರು ಮುಟ್ಟೂದಿಲ್ಲ!”

“ಹಂಗಾರ ಆಕಿ ಒಳಗ ಕೂತು ಕುಡಿಯೂತನಕ ನಾನೂ ಮುಟ್ಟೂದಿಲ್ಲ.”

ಹೀಗೆ ಹೇಳಿ ಮಿಥುನ ನೆಟ್ಟಗೆ ನಿಂತ. ಮುಚ್ಚಿಡುವುದೇಕೆ, ಅಷ್ಟು ನಾಚಿಕೆಯ ನಡುವೆಯೂ ತಾನೇನೋ ದೊಡ್ಡದು ಮಾಡಿದೆ ಎಂದು ಅವನ ಎದೆ ಒಂದಿಷ್ಟು ಉಬ್ಬಿತ್ತು.

ಅಂಬಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. “ಬ್ಯಾಡ ತಮ್ಮಾ, ನನ್ನ ಸಲುವಾಗಿ ನೀ ಯಾಕ ಬಿಡ್ತಿ? ನಾ ಬಿಟ್ಟು ನಾಕು ತಿಂಗಳಾತು.”

“ಏನು ಬಿಟ್ಟಿ?” ಎಂದರು ಕಾಡಪ್ಪನವರು.

“ನಿಮ್ಮನೀ ನೀರು, ಧಣೇರ. ಚಾನೂ ಮೋರಿಗೆ ಹಾಕ್ತೀನಿ. ಆವತ್ತು ಬಿದ್ದಾಗ ನನಗ ಧ್ಯಾಸ ಇತ್ತು. ಈ ಹುಡುಗ ಹುಡುಕೂದು ನೋಡಿದೆ. ಜೀವ ಹೊಂಟಿತ್ತು, ಆದ್ರೂ ನನ್ನ ಲೋಟಾ ಎಲ್ಲದ ಅಂತ ನಾನ ಹೇಳಿದೆ ನೋಡ್ರಿ. ಆಮ್ಯಾಲ ನನಗ ನನ್ನ ಮ್ಯಾಲ ನಾಚಿಕಿ ಬಂತು.”

ನಾಲ್ಕು ತಿಂಗಳು! ಎರಡು ಹೊತ್ತು ಮನೆಯೊಳಗೆ ಓಡಾಡುವ ಒಬ್ಬ ಹೆಂಗಸು ಒಂದು ಹನಿ ನೀರು ಕುಡಿಯದೆ ಹೋಗುತ್ತಿದ್ದುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ನೀತಾ ಗೋಡೆಗೆ ಒರಗಿ ಅಳುತ್ತಿದ್ದಳು. ಮಿಥುನನ ಉಬ್ಬಿದ ಎದೆ ಎಲ್ಲಿ ಹೋಯಿತೋ!

ಅಂಬಾಬಾಯಿ ಮೊಳೆಗೆ ತೂಗುಹಾಕಿದ್ದ ತನ್ನ ಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು ಎರಡು ಗುಟುಕು ಕುಡಿದಳು. ಮಿಥುನ ಹತ್ತಿರ ಹೋದ.

“ಮಾವಶಿ, ನನಗ ನೀರಡಿಕಿ ಆಗೇದ. ನಿನ್ನ ನೀರು ಕೊಡ್ತೀ?”

ಆಕೆ ಅವನನ್ನೇ ನೋಡಿದಳು. “ಕೇಳಾಕ ನಾಚಿಕಿ ಆಗೂದಿಲ್ಲೇನು?”

“ಆಗತದ. ಭಾಳ ಆಗತದ.”

ಹಳೆಯ ರೂಢಿಗೆ ಆಕೆ ಮೇಲಿನಿಂದ ಹೊಯ್ಯಲು ಬಾಟಲಿ ಎತ್ತಿದಳು. ಅವನು ಅದನ್ನು ಕೈಯಲ್ಲಿ ಇಸಿದುಕೊಂಡು, ಅಜ್ಜಿಯ ಎದುರಿಗೇ ಬಾಯಿಗೆ ಹಚ್ಚಿ ಕುಡಿಯತೊಡಗಿದ.

“ಪೂರಾ ಕುಡೀಬ್ಯಾಡ ತಮ್ಮಾ” ಎಂದಳು ಅಂಬಾಬಾಯಿ. “ಇನ್ನ ಎರಡು ಮನಿ ಕೆಲಸ ಅದ ನನಗ.”