ಗುಡುಗು ಡಾಕ್ಟ್ರಿಗೆ ನಗು ಅಂಟಿಸಿದ್ರು

ಗುಡುಗು ಡಾಕ್ಟ್ರು ಬಾಯಿ ತೆಗೆದ್ರೆ ಪಕ್ಕದ ಬೀದೀಲಿ ಜ್ವರ ಇಳೀತಿತ್ತು. ಸುಳ್ಳಲ್ಲ. ಬಸ್ ಡ್ರೈವರ್‌ಗೆ ಒಂದ್ಸಲ ಬಿಕ್ಕಳಿಕೆ ಹಿಡಿದು ನೀರೂ ಇಳೀತಿರ್ಲಿಲ್ಲ. ಸಿಗರೇಟು ಬಿಸಾಕಿ ಡಾಕ್ಟ್ರ ಶಾಪಿನೊಳಗೆ ಕಾಲಿಟ್ಟಿದ್ದಷ್ಟೇ, "ಬಂತಾ ಹೊಗೆ ಗೂಡು" ಅಂದ್ರು ನೋಡಿ, ಇವನ ಬಿಕ್ಕಳಿಕೆ ಹಾರಿಹೋಗಿ ಬೆಂಚಿನ ಮೇಲೆ ಕೂತಿದ್ದೋನಿಗೆ ಹತ್ಕೊಂತು.

ಊರಿಗೆಲ್ಲ ಒಂದು ಗುಟ್ಟು ಗೊತ್ತಿತ್ತು. ಡಾಕ್ಟ್ರು ಬೈದ್ರೆ ಬದುಕ್ತೀಯ. "ಕತ್ತೆ, ಮಾತ್ರೆ ನುಂಗು ಅಂದ್ರೆ ಜೇಬಲ್ಲಿಟ್ಕೊಂಡು ಊರು ಸುತ್ತಿಸ್ತೀಯಾ" ಅಂದ್ರೆ ಸಾಕು, ಮನೆಯವರು ನಗ್ತಾ ವಾಪಸ್ ಹೋಗೋರು. ಆದ್ರೆ ಕುರ್ಚಿ ಹತ್ರಕ್ಕೆ ಎಳ್ಕೊಂಡು, "ಹೇಗಿದೀರಪ್ಪಾ, ಏನು ತಿನ್ಬೇಕು ಅನ್ಸುತ್ತೆ" ಅಂತ ಮೆಲ್ಲಗೆ ಕೇಳಿದ್ರೋ, ದೂರ ಇರೋ ಮಕ್ಕಳಿಗೆ ಫೋನ್ ಮಾಡೋ ಹೊತ್ತು ಬಂತು ಅಂತ.

ಅಂಥ ಡಾಕ್ಟ್ರೂ ಹೋದ್ರು. ಅವರಿಗೆ ಇದ್ದಿದ್ದು ಒಬ್ಬಳೇ ಅಕ್ಕ, ಹೊಲಿಗೆ ಅಂಗಡಿಯವಳು. ಮಿಷನ್ ತುಳಿದೂ ತುಳಿದೂ ತಮ್ಮನ್ನ ಡಾಕ್ಟ್ರು ಮಾಡಿದೋಳು.

ಡಾಕ್ಟ್ರ ಸಂಘದೋರು ತೀರಿಹೋದ ಡಾಕ್ಟ್ರ ಫೋಟೋಗಳನ್ನ ಸಂಘದ ಹಾಲ್‌ನಲ್ಲಿ ತೂಗುಹಾಕಿ, ಒಬ್ಬೊಬ್ಬರ ಬಗ್ಗೆ ನಾಲ್ಕು ಮಾತು ಹೇಳೋದು ಅಂತ ಮಾಡಿದ್ರು. ಫೋಟೋ ಕೇಳ್ಕೊಂಡು ಅಂಗಡಿಗೆ ಬಂದ ಅಧ್ಯಕ್ಷರಿಗೆ ಅಕ್ಕ ಹೇಳಿದ್ದು ಒಂದೇ ಮಾತು. "ನನ್ನ ತಮ್ಮ ಬೈತಿದ್ದ ಅಂತ ಹೇಳ್ಬೇಕಪ್ಪ. ಮಿಕ್ಕಿದ್ದು ನಿಮ್ಮಿಷ್ಟ."

"ಆಗ್ಲಮ್ಮ, ಅದಕ್ಕೇನಂತೆ" ಅಂದು ಹೋದ್ರು ಅಧ್ಯಕ್ಷರು.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ಮೊದಲು ಕಣ್ಣಿನ ಡಾಕ್ಟ್ರು. "ಹಸನ್ಮುಖಿ, ಮೃದುಭಾಷಿ, ಸರಳ ಜೀವಿ" ಅಂತ ಓದಿದ್ರು ಅಧ್ಯಕ್ಷರು. ಆಮೇಲೆ ಹೆರಿಗೆ ಡಾಕ್ಟ್ರಮ್ಮ. ಆಯಮ್ಮನ ಸ್ಕೂಟರ್ ಸದ್ದು ಕೇಳಿದ್ರೆ ಕೂಸುಗಳು ಹೆದರಿ ತಾವೇ ಹೊರಗೆ ಬರ್ತಿದ್ವು, ಅಂಥ ಓಟ. ಅವರೂ ಹಸನ್ಮುಖಿ, ಮೃದುಭಾಷಿ, ಸರಳ ಜೀವಿ. ಸ್ಕೂಟರ್ ಸುದ್ದೀನೇ ಇಲ್ಲ.

"ಒಂದೇ ಅಳತೆ ತಗೊಂಡು ಊರಿಗೆಲ್ಲ ಅಂಗಿ ಹೊಲಿತಾವ್ನೆ" ಅಂದ್ಲು ಅಕ್ಕ, ಪಕ್ಕದಲ್ಲಿದ್ದ ಬೀಗ ರಿಪೇರಿಯವನ ಹೆಂಡ್ತಿ ಕಿವೀಲಿ.

ಮೂರನೇ ಫೋಟೋ ಮೇಲಿನ ಬಟ್ಟೆ ಸರಿಸಿದ್ರು. ಅಕ್ಕ ಹುಬ್ಬು ಗಂಟಿಕ್ಕಿದ್ದ ತಮ್ಮನ್ನ ಕೊಟ್ಟಿದ್ಲು. ಗೋಡೆ ಮೇಲೆ ಹಲ್ಲು ಕಿಸಿತಿದ್ದ. ಕಂಪ್ಯೂಟರ್‌ನಲ್ಲಿ ಯಾರದೋ ನಗು ತಂದು ಅಂಟಿಸಿದ್ರು.

"ಇವರಂತೂ ಯಾರ ಮೇಲೂ ದನಿ ಎತ್ತಿದವರಲ್ಲ" ಅಂತ ಓದಿದ್ರು ಅಧ್ಯಕ್ಷರು. "ಪ್ರತಿಯೊಬ್ಬ ರೋಗಿ ಹತ್ರಾನೂ ಮೆಲುದನಿಯಲ್ಲೇ ಮಾತಾಡಿದವರು."

ಬಸ್ ಡ್ರೈವರ್ ಎದೆ ಮೇಲೆ ಕೈಯಿಟ್ಟು ನೋಡ್ಕೊಂಡ. "ಹಂಗಾದ್ರೆ ನಾವೆಲ್ಲ ಸತ್ತು ಎಷ್ಟು ವರ್ಷ ಆಯ್ತು?"

ಅಕ್ಕ ಎದ್ದು ನಿಂತ್ಲು. "ಯಾರಪ್ಪ ಅದು ಗೋಡೆ ಮೇಲೆ? ನಮ್ಮನೆಯೋನಲ್ಲ."

"ಅಮ್ಮಾ, ಹೋದವರ ಬಗ್ಗೆ ಒಳ್ಳೇದೇ ಹೇಳ್ಬೇಕಲ್ವಾ?"

"ಬೈದಿದ್ದೇ ಒಳ್ಳೇದು ಕಣಯ್ಯ. ಮಾತು ಕೊಟ್ಟಿದ್ದೆ ನೀನು, ನನ್ನ ಅಂಗಡೀಲಿ ಕೂತು."

"ಮುಂದೆ ತಿದ್ದೋಣಮ್ಮ. ನಗ್ತಿದ್ರೆ ಮಿಕ್ಕ ಫೋಟೋಗಳ ಜೊತೆ ಚೆನ್ನಾಗಿ ಹೊಂದುತ್ತೆ."

ಆಗ ಬೀಗ ರಿಪೇರಿಯವನ ಹೆಂಡ್ತಿ ಕೂತಲ್ಲಿಂದಲೇ ಬಾಯಿಬಿಟ್ಲು. "ನಮ್ಮೆಜಮಾನ್ರ ಹತ್ರ ಮಾತ್ರ ಒಂದ್ಸಲ ಮೆಲ್ಲಗೆ ಮಾತಾಡಿದ್ರು ಡಾಕ್ಟ್ರು. ಆಮೇಲೆ ಶಾಪಿನ ಹಿಂದಿನ ನಲ್ಲೀಲಿ ಕೈ ತೊಳೀತಾ ನಿಂತವರು ನಿಂತೇ ಇದ್ರು. ನಲ್ಲಿ ನಿಲ್ಲಿಸೋದೂ ಮರೆತು. ಆ ದನೀನ ಎಲ್ರಿಗೂ ಹಂಚ್ಬೇಡಿ ಸ್ವಾಮಿ, ಅದು ನಮ್ಮನೆಯವ್ರದ್ದು."

ಅಧ್ಯಕ್ಷರು ನೀರು ಕುಡಿದ್ರು. ಕುಡಿದು, ಕಾಗದದಲ್ಲಿ ಮುಂದಿನ ಹೆಸರು ಹುಡುಕಕ್ಕೆ ಶುರು ಮಾಡಿದ್ರು.

ಅಷ್ಟೇ ಸಾಕಾಯ್ತು. ಅಕ್ಕ ವೇದಿಕೆ ಹತ್ತಿ, ಕುರ್ಚಿ ಎಳ್ಕೊಂಡು ಅದರ ಮೇಲೂ ಹತ್ತಿ, ಫೋಟೋನ ಗೋಡೆಯಿಂದ ಕಿತ್ತೇ ಬಿಟ್ಲು. "ನಿಮ್ಮ ಗೋಡೆಗೆ ಹಲ್ಲೇ ಬೇಕಿದ್ರೆ ಹಲ್ಲಿನ ಡಾಕ್ಟ್ರನ್ನ ತೂಗುಹಾಕ್ಕೊಳ್ಳಿ" ಅಂದ್ಲು. ಮುಂದಿನ ಸಾಲಲ್ಲಿ ಇನ್ನೂ ಜೀವಂತವಾಗಿ ಟೀ ಕುಡೀತಿದ್ದ ಹಲ್ಲಿನ ಡಾಕ್ಟ್ರಿಗೆ ನೆತ್ತಿಗೆ ಹತ್ತಿತು.

"ಜಾಗ ಖಾಲಿ ಕಾಣುತ್ತಮ್ಮ" ಅಂದ್ರು ಅಧ್ಯಕ್ಷರು.

"ಕಾಣ್ಲಿ. ಈಗ ಮೊದ್ಲಿಂದ ಹೇಳು. ನನ್ನ ತಮ್ಮ ಯಾರು, ಏನು ಮಾಡ್ತಿದ್ದ."

ಅಧ್ಯಕ್ಷರು ಕಾಗದ ತಿರುಗಿಸಿ ನೋಡಿದ್ರು. ಹಿಂದೆ ಏನೂ ಇರ್ಲಿಲ್ಲ.

ಅಕ್ಕ ಫೋಟೋನ ತೊಡೆ ಮೇಲೆ ಬೋರಲು ಹಾಕ್ಕೊಂಡು ಮೈಕಿನ ಎದುರಿಗೇ ಕೂತ್ಲು. "ನಿಧಾನಕ್ಕೆ ಜ್ಞಾಪಿಸ್ಕೊ. ನಾನು ಅಂಗಡಿ ಮುಚ್ಚೇ ಬಂದಿದೀನಿ."